ಬೆಟ್ಟದ ಕಾಲುದಾರಿಗೆ ನಕ್ಷೆಯ ನೆರವು



ರಜೆ ಬಂತೆಂದರೆ ಪೇಟೆಯ ಜನ ಬೆಟ್ಟ ಹತ್ತಲು ಮಲೆನಾಡಿನ ಹಳ್ಳಿಗಳಿಗೆ ಬರುತ್ತಾರೆ. ಊಟ, ವಸತಿ, ದಾರಿ ತೋರಿಸುವ ಕೆಲಸಗಳಿಂದ ಊರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ನೂರಾರು ಕಾಲುಗಳು ಬೆಟ್ಟವನ್ನು ನೆಟ್ಟಗೆ ಹತ್ತಿದರೆ ಹುಲ್ಲು ಸಾಯುತ್ತದೆ. ಮಳೆನೀರು ಅದೇ ದಾರಿ ಹಿಡಿದು ಓಡಿ ಕೊರಕಲು ಮಾಡುತ್ತದೆ. ಆ ಮಣ್ಣು ಹೋಗುವುದೆಲ್ಲಿಗೆ? ಕೆಳಗಿರುವ ನಿಮ್ಮ ಗದ್ದೆಗೆ, ಕೆರೆಗೆ.

ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದನ್ನು ನೀವು ಬಲ್ಲಿರಿ. ಬೆಟ್ಟದ ದಾರಿಯೂ ಹಾಗೆಯೇ ಓರೆಯಾಗಿ ಏರಬೇಕು. ಗುದ್ದಲಿ ಹಿಡಿಯುವ ಮೊದಲೇ ಅದನ್ನು ಗೊತ್ತುಮಾಡಲು ಮೊಬೈಲಿನ ನಕ್ಷೆ ಸಾಕು.

2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ನೌಕೆ 11 ದಿನ ಭೂಮಿಯನ್ನು ಸುತ್ತಿ, ರಾಡಾರಿನಿಂದ ನೆಲದ ಎತ್ತರಗಳನ್ನು ಅಳೆಯಿತು. ಇಂಥ ಅಳತೆಗಳಿಂದ ನಕ್ಷೆಯಲ್ಲಿ ಸಮಪಾತಳಿ ಗೆರೆಗಳನ್ನು ಎಳೆಯುತ್ತಾರೆ. ಒಂದು ಗೆರೆಯ ಮೇಲಿನ ಜಾಗವೆಲ್ಲ ಒಂದೇ ಎತ್ತರ. ಗೆರೆಗಳು ಒತ್ತಾಗಿದ್ದರೆ ಕಡಿದು, ದೂರವಿದ್ದರೆ ಸಲೀಸು.

ಲೆಕ್ಕ ಹೀಗೆ ಮಾಡಿರಿ:

1. ಎರಡು ಗೆರೆಗಳ ನಡುವಿನ ಎತ್ತರ 20 ಮೀಟರ್, ನಕ್ಷೆಯಲ್ಲಿ ಅವುಗಳ ಅಂತರ 50 ಮೀಟರ್ ಎನ್ನಿ. ಇಳಿಜಾರು ನೂರಕ್ಕೆ 40.

2. ದಾರಿಯ ಏರು ಸರಾಸರಿ ನೂರಕ್ಕೆ 10 ಇರಲಿ. ಅಂದರೆ ಆ 20 ಮೀಟರ್ ಏರಲು 200 ಮೀಟರ್ ಉದ್ದದ ದಾರಿ ಬೇಕು.

3. ದಾರಿಯ ಏರು ಬೆಟ್ಟದ ಇಳಿಜಾರಿನ ಅರ್ಧವನ್ನು ಮೀರಬಾರದು. ಇಳಿಜಾರು ನೂರಕ್ಕೆ 12 ಇದ್ದರೆ ದಾರಿಗೆ 6 ಸಾಕು. ಮೀರಿದರೆ ನೀರು ದಾರಿಯನ್ನು ಅಡ್ಡ ದಾಟದೆ, ದಾರಿಯಲ್ಲೇ ಹರಿಯುತ್ತದೆ.

4. ಒಂದು ಮೀಟರ್ ಅಗಲದ ದಾರಿಯ ಹೊರ ಅಂಚು ಒಳ ಅಂಚಿಗಿಂತ 5 ಸೆಂಟಿಮೀಟರ್ ತಗ್ಗಿರಲಿ. ಅಲ್ಲಲ್ಲಿ ಏರನ್ನು ನಿಲ್ಲಿಸಿ ಸ್ವಲ್ಪ ಇಳಿಸಿದರೆ ನೀರು ಅಲ್ಲಿಯೇ ಹೊರಬೀಳುತ್ತದೆ.

ನಕ್ಷೆಯೊಂದನ್ನೇ ನಂಬಬೇಡಿರಿ. ದಟ್ಟ ಕಾಡಿನಲ್ಲಿ ರಾಡಾರು ಮರದ ತಲೆಯನ್ನೇ ನೆಲವೆಂದು ಅಳೆದಿರಬಹುದು. ಜೌಗು, ಒರತೆ, ಆನೆ ತಿರುಗುವ ಜಾಗ ಯಾವ ಗೆರೆಯಲ್ಲೂ ಕಾಣವು; ದನ ಮೇಯಿಸುವ ಹಿರಿಯರು ಅವನ್ನು ಬಲ್ಲರು. ಅವರೊಡನೆ ನಡೆದು ಗೂಟ ನೆಡಿರಿ. ಮಳೆ ಬರುವಾಗ ಒಮ್ಮೆ ಹೋಗಿ ನೀರು ಎತ್ತ ಹರಿಯುವುದೆಂದು ನೋಡಿರಿ.

ಕಾಡಿನ ಜಮೀನಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು ಬೇಕು. ನಕ್ಷೆಯನ್ನು ಗ್ರಾಮಸಭೆಯಲ್ಲಿಟ್ಟು ಎಲ್ಲರ ಮಾತು ಕೇಳಿರಿ. ಬಂದವರು ಸಂಜೆಗೆ ಹಿಂದಿರುಗುತ್ತಾರೆ. ಬೆಟ್ಟದ ಮಣ್ಣು ಹೋದರೆ ಹಿಂದಿರುಗದು.