ಗುಡಿ ಕಾದೀತು, ನೀವು ನೆಟ್ಟಗೆ ಇಳಿದು ಬನ್ನಿ

ದುಬಲಗುಂಡಿಯ ಸುತ್ತಮುತ್ತ ಹಳೆಯ ಕಲ್ಲಿಗೆ ಬರವಿಲ್ಲ. ಹುಮನಾಬಾದ್ ತಾಲ್ಲೂಕಿನಲ್ಲೇ ಜಲಸಂಗಿಯ ಚಾಲುಕ್ಯರ ಗುಡಿ ಇದೆ, ಅದರ ಗೋಡೆಯ ಮೇಲೆ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ಆಚೆಗೆ ಬಸವಕಲ್ಯಾಣದ ಕೋಟೆ, ನಾರಾಯಣಪುರದ ಶಿವಾಲಯ. ಇವಲ್ಲದೆ ಊರೂರಿಗೂ ಒಂದು ಹನುಮಂತನ ಗುಡಿ, ಅಗಸಿ, ವಾಡೆ, ಮಠ, ದರ್ಗಾ. ಜಾತ್ರೆ ಹತ್ತಿರ ಬಂತೆಂದರೆ ನಿಮಗೆ ಜೀರ್ಣೋದ್ಧಾರದ ಉಮೇದು ಬರುತ್ತದೆ. ಬರಲಿ, ಒಳ್ಳೆಯದೇ. ಆದರೆ ಕಾಲಿಗೆ ರಬ್ಬರ್ ಚಪ್ಪಲಿ, ತಲೆಗೊಂದು ಟವಲು ಸುತ್ತಿಕೊಂಡು ಸೀದಾ ಶಿಖರ ಹತ್ತುತ್ತೀರಲ್ಲ, ಅದಕ್ಕೆ ಏನನ್ನಬೇಕು?

ಹತ್ತುವ ಮೊದಲು ಮುಟ್ಟಬಹುದೇ ಎಂದು ಕೇಳಿ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕವಾದರೆ ಅದರ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅಲ್ಲಿರುವ ಹಳೆಯ ಮನೆಯ ರಿಪೇರಿಗೂ ಅನುಮತಿ ಬೇಕು. 2010ರ ತಿದ್ದುಪಡಿಯಿಂದ ಸ್ಮಾರಕ ಸಂರಕ್ಷಣೆಯ ಕಾಯ್ದೆ ಇನ್ನೂ ಬಿಗಿಯಾಗಿದೆ. ಸಂರಕ್ಷಿತವಲ್ಲದ ಊರ ಗುಡಿಯಾದರೂ ಪುರಾತತ್ವ ಇಲಾಖೆಯವರನ್ನು ಒಮ್ಮೆ ಕರೆದು ತೋರಿಸಿ. ಮೂರ್ತಿಗೆ ಎಣ್ಣೆಬಣ್ಣ ಬಳಿಯುವುದು, ಮರಳು ಚಿಮ್ಮಿಸುವ ಯಂತ್ರದಿಂದ ಕಂಬ ಉಜ್ಜುವುದು ಬೇಡವೇ ಬೇಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಳಿ ಕೆತ್ತಿದ ಹುಬ್ಬು, ಬೆರಳು ಒಮ್ಮೆ ಸವೆದರೆ ಯಾವ ಶಿಲ್ಪಿ ಬಂದರೂ ಹಾಗೆಯೇ ಮಾಡಿಕೊಡಲಾರ.

ಇನ್ನು ಸಿಮೆಂಟು. ನಮ್ಮ ಬೀದರ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ನೀರು ಹೀರುವ ಕಲ್ಲು. ಹಳೆಯ ಗಚ್ಚಿನ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಒಳಗೇ ಕಟ್ಟಿಹಾಕುತ್ತದೆ, ಆಗ ಉಪ್ಪೊಡೆದು ಕಲ್ಲೇ ಪುಡಿಯಾಗುತ್ತದೆ. ಅದಕ್ಕೇ ಸುಣ್ಣದ ಗಾರೆಯನ್ನೇ ಕೇಳಿ. ಆದರೆ ಸುಣ್ಣವೇನು ಸಾಧುವಲ್ಲ. ಸುಟ್ಟ ಸುಣ್ಣದ ಕಲ್ಲಿನ ಮೇಲೆ ನೀರು ಸುರಿಯಬೇಡಿ, ನೀರಿಗೆ ಕಲ್ಲನ್ನು ಸ್ವಲ್ಪಸ್ವಲ್ಪವೇ ಹಾಕಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಹಾರಿ ಬಿದ್ದರೆ ಉಜ್ಜದೆ, ಬಹಳ ಹೊತ್ತು ಶುದ್ಧ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಓಡಿ.

ಈಗ ಎತ್ತರದ ಮಾತಿಗೆ ಬರೋಣ, ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿಯೇ. ಮೊದಲು ಕೆಳಗೆ ನಿಂತು ನೋಡಿ. ಎಲ್ಲಿ ಬಿರುಕು, ಎಲ್ಲಿ ಕಲ್ಲು ಜರುಗಿದೆ, ಎಲ್ಲಿ ಅರಳಿ ಸಸಿ ಬೇರು ಬಿಟ್ಟಿದೆ? ಆ ಸಸಿಯನ್ನು ಹಿಡಿದು ಜಗ್ಗುವವರನ್ನು ನೋಡಿದರೆ ಎದೆ ಹಾರುತ್ತದೆ. ಬೇರಿನ ಜತೆ ಕಲ್ಲೂ ಬರುತ್ತದೆ, ಕಲ್ಲಿನ ಜತೆ ನೀವೂ ಬರುತ್ತೀರಿ. ಮೇಲೆ ಕತ್ತರಿಸಿ, ಬೇರನ್ನು ಬಲ್ಲವರ ಕೈಯಲ್ಲಿ ಒಣಗಿಸಿ, ಆಮೇಲೆ ಸಂದಿಗೆ ಗಾರೆ ತುಂಬಿಸಿ. ಮುಂಚಾಚಿದ ಸೂರುಗಲ್ಲಿನ ಮೇಲೆ ಕಾಲಿಡಬೇಡಿ. ಎಷ್ಟೋ ಗುಡಿಗಳಲ್ಲಿ ಅದು ಹಿಂದಿನ ಭಾರದಿಂದ ಮಾತ್ರ ನಿಂತಿರುತ್ತದೆ. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಕಳಶಕ್ಕೋ ಹಳೆಯ ಕಂಬಕ್ಕೋ ಬಿಗಿಯುವುದಂತೂ ನಿಮಗೂ ಗುಡಿಗೂ ಕೇಡು.

ಸಾರವೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಬೊಂಬು ತೂರಿಸಲು ಹಳೆಯ ಗೋಡೆಗೆ ತೂತು ಹೊಡೆಯಬೇಡಿ. ಕಾಲ ಕೆಳಗೆ ಗಟ್ಟಿ ಹಲಗೆ ಹಾಕಿ. ನಿಲ್ಲುವ ಜಾಗದಲ್ಲಿ ಒಂಟಿ ಹಲಗೆ ಸಾಲದು, ಸೊಂಟದ ಎತ್ತರಕ್ಕೆ ತಡೆಗಂಬಿ ಇರಲೇಬೇಕು. ಏಣಿ ಇಡುವಾಗ ನಾಲ್ಕು ಅಡಿ ಏರಿಕೆಗೆ ಒಂದು ಅಡಿ ಬುಡ ಹೊರಗಿರಲಿ, ಹತ್ತಿ ನಿಲ್ಲುವ ಜಾಗಕ್ಕಿಂತ ಮೂರಡಿ ಮೇಲೆ ಚಾಚಿರಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದದ್ದು ದುಡ್ಡಿಗಷ್ಟೇ ಅಲ್ಲ. ಬಣ್ಣದ ಕುಂಚ ಮುಟ್ಟದಿದ್ದರೆ ಇಳಿದು ಏಣಿ ಸರಿಸಿ, ಮೈ ವಾಲಿಸಬೇಡಿ.

ಸೊಂಟಪಟ್ಟಿಗಿಂತ ಮೈತುಂಬ ತೊಡುವ ಬೆಲ್ಟು ಒಳ್ಳೆಯದು. ಅದರ ಕೊಕ್ಕೆಯನ್ನು ಹೆಗಲಿಗಿಂತ ಮೇಲಿನ ಗಟ್ಟಿ ಆಸರೆಗೆ ಸಿಕ್ಕಿಸಿ. ತೊಟ್ಟುಕೊಂಡು ಕೊಕ್ಕೆ ಹಾಕದೆ ಓಡಾಡುವ ಗೌಂಡಿಗಳಿಗೆ ಏನು ಹೇಳಲಿ! ಯಾರಾದರೂ ಜಾರಿ ಬೆಲ್ಟಿನಲ್ಲಿ ತೂಗಾಡಿದರೆ ಬೇಗ ಇಳಿಸುವ ಏರ್ಪಾಡೂ ಇರಲಿ, ಬಹಳ ಹೊತ್ತು ತೂಗಾಡುವುದೂ ಜೀವಕ್ಕೆ ಅಪಾಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗಬಾರದು. ಹೆಲ್ಮೆಟು ಮೇಲಿನವರಿಗೆ ಮಾತ್ರವಲ್ಲ, ಕೆಳಗೆ ಗಾರೆ ಕಲಸುವ ಹೆಣ್ಣುಮಕ್ಕಳಿಗೂ ಬೇಕು. ಉಳಿ, ಸುತ್ತಿಗೆಗೆ ದಾರ ಕಟ್ಟಿ.

ಹಳೆಯ ಕೋಟೆ, ಗುಮ್ಮಟಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಹುಟ್ಟು ಕಂಡರೆ ಸುತ್ತಿಗೆ ಸದ್ದು ಮಾಡಬೇಡಿ, ಹೊಗೆ ಹಾಕಿ ಸಾಹಸ ಮಾಡಬೇಡಿ, ಬಲ್ಲವರನ್ನು ಕರೆಸಿ. ಎತ್ತರದಲ್ಲಿ ಜೇನು ಎದ್ದರೆ ಓಡಲು ದಾರಿ ಎಲ್ಲಿದೆ? ಏಪ್ರಿಲ್, ಮೇ ಬಿಸಿಲಿನಲ್ಲಿ ನಸುಕಿಗೆ ಹತ್ತಿ, ಬಿಸಿಲೇರುವ ಹೊತ್ತಿಗೆ ಇಳಿಯಿರಿ. ಉಪವಾಸವಿದ್ದವರು, ತಲೆಸುತ್ತು ಇದ್ದವರು, ಹಿಂದಿನ ರಾತ್ರಿ ಕುಡಿದವರು ಆ ದಿನ ಕೆಳಗಿನ ಕೆಲಸ ನೋಡಿಕೊಳ್ಳಲಿ. ಗಾಳಿ ಎದ್ದರೆ, ಮಳೆ ಬಂದರೆ ಕೆಲಸ ನಿಲ್ಲಿಸಿ. ಜಾತ್ರೆಗೆ ಬಣ್ಣ ಮುಗಿಯದಿದ್ದರೆ ದೇವರೇನೂ ಮುನಿಯುವುದಿಲ್ಲ.

ಗುಡಿಯ ಕಮಿಟಿಯವರೇ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಇದೆಯೇ ಎಂದು ಕೆಲಸದವರನ್ನು ಕೇಳಿ. 18ರಿಂದ 60ರೊಳಗಿನವರು, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅದನ್ನು ಮಾಡಿಸಿಕೊಳ್ಳಬಹುದು. ಸಂಜೆ ಇಳಿದ ಮೇಲೆ ಏಣಿಯನ್ನು ತೆಗೆದು ಒಳಗೆ ಹಾಕಿ ಬೀಗ ಹಾಕಿ. ಗುಡಿಯ ಕಟ್ಟೆಗೆ ಆಡಲು ಬರುವ ಹುಡುಗರಿಗೆ ನೆಟ್ಟ ಏಣಿ ಕಂಡರೆ ಕಾಲು ಸುಮ್ಮನಿರುವುದಿಲ್ಲ.