ನಮ್ಮ ನೆರೆಯ ಗೂಬೆಗಳು

ಇರುಳಿನಲ್ಲಿ ಸಂಚರಿಸುವ ಪಕ್ಷಿಗಳಲ್ಲಿ ಗೂಬೆಯಷ್ಟು ಅಪವಾದಕ್ಕೆ ಗುರಿಯಾದುದು ಬೇರೊಂದಿಲ್ಲ. ಮಾಡದ ತಪ್ಪನ್ನು ಒಬ್ಬರ ಮೇಲೆ ಹೊರಿಸುವುದಕ್ಕೆ ‘ಗೂಬೆ ಕೂರಿಸುವುದು’ ಎಂದೇ ನಮ್ಮ ಜನರು ಹೇಳುವರು. ಆದರೆ ಬುಡುಬುಡಿಕೆಯವನು ಮನೆಬಾಗಿಲಲ್ಲಿ ನಿಂತು ಶುಭವನ್ನು ಸಾರುವಾಗ ಹಾಲಕ್ಕಿಯ ನುಡಿಯನ್ನೇ ಆಧಾರವಾಗಿ ಹೇಳುತ್ತಾನೆ. ಆ ಹಾಲಕ್ಕಿಯೂ ಗೂಬೆಯ ಕುಲದ್ದೇ. ಶಕುನವು ಹಕ್ಕಿಯಲ್ಲಿರುವುದೋ ನಮ್ಮ ಮನಸ್ಸಿನಲ್ಲಿರುವುದೋ ಎಂಬುದನ್ನು ವಿದ್ಯಾರ್ಥಿನಿಯರು ತಾವೇ ವಿಚಾರಿಸಿ ನೋಡಲಿ.

೧. ಜಾತಿಗಳು

ಹಾಲಕ್ಕಿಯು ಸುಮಾರು ೨೧ ಸೆಂಟಿಮೀಟರು ಉದ್ದದ ಚಿಕ್ಕ ಹಕ್ಕಿ. ಬೂದುಗಂದು ಮೈಯ ಮೇಲೆ ಬಿಳಿಯ ಚುಕ್ಕೆಗಳು, ಹಳದಿ ಕಣ್ಣುಗಳು. ಲಾಲ್‌ಬಾಗಿನಲ್ಲಿಯೂ ಜಯನಗರದ ಹಳೆಯ ಸಾಲುಮರಗಳಲ್ಲಿಯೂ ಪೊಟರೆಗಳನ್ನು ಆಶ್ರಯಿಸಿ, ಮುಸ್ಸಂಜೆಯಲ್ಲಿ ಜೋಡಿಯಾಗಿ ಹೊರಬಂದು ಗದ್ದಲದಿಂದ ಕಿಚಗುಟ್ಟುವುದು.

ಕಣಜದ ಗೂಬೆಗೆ ಹೃದಯದ ಆಕಾರದ ಬಿಳಿಯ ಮುಖವೂ ಕಪ್ಪು ಕಣ್ಣುಗಳೂ ಉಂಟು. ಪಾಳುಕಟ್ಟಡಗಳ ಅಟ್ಟಗಳೂ ಎತ್ತರದ ವಸತಿಕಟ್ಟಡಗಳ ಸಂದುಗೊಂದುಗಳೂ ಅದಕ್ಕೆ ನೆಲೆ. ಇಲಿಗಳೇ ಅದರ ಮುಖ್ಯ ಆಹಾರವಾದುದರಿಂದ ಇದು ಮನುಷ್ಯನಿಗೆ ಮಹೋಪಕಾರಿ.

ಕೊಂಬಿನ ಗೂಬೆಯು ಅರ್ಧ ಮೀಟರಿಗೂ ಮಿಗಿಲಾದ ದೊಡ್ಡ ಹಕ್ಕಿ. ಕೊಂಬುಗಳಂತೆ ಕಾಣುವುವು ವಾಸ್ತವವಾಗಿ ಗರಿಗಳ ಕುಚ್ಚುಗಳು. ತುರಹಳ್ಳಿ, ಬನ್ನೇರುಘಟ್ಟಗಳಂಥ ಬಂಡೆಗಾಡು ಇದಕ್ಕೆ ಪ್ರಿಯ. ಗೂಡನ್ನು ಕಟ್ಟದೆ ಬಂಡೆಯ ಚಾಚಿನಲ್ಲಿ ಬರಿನೆಲದ ಮೇಲೆಯೇ ಮೊಟ್ಟೆಯಿಡುವುದರಿಂದ, ಒಂದು ನಾಯಿಯಾಗಲಿ ಎಚ್ಚರವಿಲ್ಲದ ಒಂದು ಹೆಜ್ಜೆಯಾಗಲಿ ಸಂಸಾರವನ್ನೇ ನಾಶಪಡಿಸಬಹುದು.

೨. ದೇಹರಚನೆ

ಗೂಬೆಯ ಕಣ್ಣುಗಳು ಗುಳಿಯಲ್ಲಿ ಹೊರಳಲಾರವು. ಆದಕಾರಣ ಅದು ಕತ್ತನ್ನೇ ಸುಮಾರು ೨೭೦ ಡಿಗ್ರಿಗಳವರೆಗೆ ತಿರುಗಿಸಬಲ್ಲದು. ಕಣಜದ ಗೂಬೆಯ ಕಿವಿಗಳಲ್ಲಿ ಒಂದು ತುಸು ಮೇಲೆ, ಇನ್ನೊಂದು ತುಸು ಕೆಳಗೆ ಇರುವುವು. ಸದ್ದು ಎರಡೂ ಕಿವಿಗಳನ್ನು ಸೇರುವುದರಲ್ಲಿರುವ ಅಲ್ಪ ವ್ಯತ್ಯಾಸದಿಂದ ಕಗ್ಗತ್ತಲೆಯಲ್ಲಿಯೂ ಇಲಿಯಿರುವ ಸ್ಥಳವನ್ನು ಅದು ತಿಳಿದುಕೊಳ್ಳುವುದು. ರೆಕ್ಕೆಯ ಅಂಚು ಬಾಚಣಿಗೆಯ ಹಲ್ಲುಗಳಂತೆ ಇರುವುದರಿಂದ ಹಾರುವಾಗ ಸದ್ದಾಗದು.

೩. ಅಪಾಯಗಳು

ಪೊಟರೆಯುಳ್ಳ ಮುದಿಮರವನ್ನು ಕಡಿದಾಗ ಹಾಲಕ್ಕಿಯ ಮನೆಯೇ ಹೋಗುವುದು. ವಿಷ ತಿಂದ ಇಲಿಯನ್ನು ತಿಂದ ಗೂಬೆಯೂ ವಿಷಕ್ಕೆ ಬಲಿಯಾಗಬಹುದು. ಗಾಳಿಪಟದ ಮಾಂಜಾ ದಾರವು ರೆಕ್ಕೆಯನ್ನು ಕೊಯ್ಯುವುದು. ಎಲ್ಲಕ್ಕಿಂತ ಕ್ರೂರವಾದುದು ಮೂಢನಂಬಿಕೆ. ೨೦೧೮ರಲ್ಲಿ ತೆಲಂಗಾಣದ ವಿಧಾನಸಭಾ ಚುನಾವಣೆಯ ಕಾಲದಲ್ಲಿ, ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ಸೀಮೆಯಲ್ಲಿ ಮಾಟಕ್ಕಾಗಿ ಗೂಬೆಗಳನ್ನು ಸಾಗಿಸುತ್ತಿದ್ದವರು ಸೆರೆಸಿಕ್ಕರು. ದೀಪಾವಳಿಯ ಸಮಯದಲ್ಲಿಯೂ ಈ ಕಳ್ಳವ್ಯಾಪಾರ ಹೆಚ್ಚುವುದು. ಗೂಬೆಯನ್ನು ಹಿಡಿಯುವುದು, ಮಾರುವುದು, ಸಾಕುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ.

೪. ನೋಡತಕ್ಕ ಕ್ರಮ

ಹಿರಿಯರೊಡನೆ ಮುಸ್ಸಂಜೆಯಲ್ಲಿ ಹೋಗಿ, ದೂರದಲ್ಲಿ ನಿಂತು, ಮೌನವಾಗಿ ನೋಡಬೇಕು. ಹಕ್ಕಿಯು ಮೈಯನ್ನು ಸೆಟೆಸಿ ನಿಮ್ಮನ್ನೇ ದಿಟ್ಟಿಸಿದರೆ ನೀವು ಸಮೀಪಿಸಿದುದು ಹೆಚ್ಚಾಯಿತೆಂದು ತಿಳಿದು ಹಿಂದೆ ಸರಿಯಿರಿ. ಕಣ್ಣಿಗೆ ಟಾರ್ಚನ್ನಾಗಲಿ ಕ್ಯಾಮರಾದ ಫ್ಲಾಷನ್ನಾಗಲಿ ಹಾಯಿಸಬಾರದು. ಮೊಬೈಲಿನಲ್ಲಿ ಅದರ ಕೂಗನ್ನು ನುಡಿಸಿ ಕರೆಯಲೂ ಬಾರದು. ತನ್ನ ಎಲ್ಲೆಯೊಳಗೆ ಪರಗೂಬೆಯೊಂದು ಹೊಕ್ಕಿತೆಂದು ಭ್ರಮಿಸಿ ಅದು ಬೇಟೆಯನ್ನೂ ಮರಿಗಳನ್ನೂ ಬಿಟ್ಟು ಬಳಲುವುದು. ಗೂಡಿರುವ ಸ್ಥಳವನ್ನು ಊರಿಗೆಲ್ಲ ಸಾರಬೇಡಿರಿ. ಗಾಯವಿಲ್ಲದ ಮರಿಯು ನೆಲಕ್ಕಿಳಿದಿದ್ದರೆ ನಾಯಿಬೆಕ್ಕುಗಳಿಗೆ ಸಿಕ್ಕದಂತೆ ಹತ್ತಿರದ ಕೊಂಬೆಯ ಮೇಲಿರಿಸಿದರೆ ಸಾಕು, ತಾಯಿತಂದೆಗಳು ಬರುವುವು. ಗಾಯಗೊಂಡಿದ್ದರೆ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲಿಟ್ಟು, ಅನ್ನನೀರು ಕೊಡದೆ, ಅರಣ್ಯ ಇಲಾಖೆಗಾಗಲಿ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಗಾಗಲಿ ಒಡನೆಯೇ ತಿಳಿಸತಕ್ಕದ್ದು.

೫. ಅಭ್ಯಾಸ

(ಅ) ನಿಮ್ಮ ಬೀದಿಯಲ್ಲಿ ಪೊಟರೆಗಳುಳ್ಳ ಮರಗಳೆಷ್ಟು? ಎಣಿಸಿ ಬರೆಯಿರಿ.
(ಆ) ಗೂಬೆಯು ಜೀರ್ಣವಾಗದ ಎಲುಬು ರೋಮಗಳನ್ನು ಉಂಡೆಯಾಗಿ ಕಕ್ಕುವುದು. ಹಗಲಿನಲ್ಲಿ ಮರದಡಿ ಅಂಥ ಉಂಡೆ ಸಿಕ್ಕರೆ, ಬರಿಗೈಯಿಂದ ಮುಟ್ಟದೆ ಕಡ್ಡಿಯಿಂದ ಬಿಡಿಸಿ, ಅದು ಏನನ್ನು ತಿಂದಿತ್ತೆಂಬುದನ್ನು ಊಹಿಸಿರಿ.
(ಇ) ಗೂಬೆ ಕೂಗಿದರೆ ಕೇಡೆಂದು ಹೇಳುವ ನೆರೆಯವರಿಗೆ, ಅವರ ಮನ ನೋಯದಂತೆ, ನೀವು ಹೇಗೆ ಉತ್ತರ ಕೊಡುವಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.