ಹಿಡಿದರೂ ಉಳಿಯದ ಗ್ವೆನ್: ಸಂವೇಗದ ಪಾಠಕ್ಕೊಂದು ಸಿನಿಮಾ ಉದಾಹರಣೆ

ಒಂಬತ್ತನೇ ತರಗತಿಯ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕದಲ್ಲಿ ಸಂವೇಗ ಬದಲಾವಣೆಯ ದರಕ್ಕೆ ಪಠ್ಯಪುಸ್ತಕ ಕೊಡುವ ಉದಾಹರಣೆ ಕ್ರಿಕೆಟ್ ಕ್ಯಾಚ್. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಚೆಂಡು ಹಿಡಿದರೆ ನೋವು ಕಡಿಮೆ. ಉದಾಹರಣೆ ಚೆನ್ನಾಗಿದೆ, ಆದರೆ ಉತ್ತರ ಮಕ್ಕಳಿಗೆ ಮೊದಲೇ ಗೊತ್ತು; ಯೋಚಿಸಬೇಕಾದ್ದೇನೂ ಉಳಿಯುವುದಿಲ್ಲ. ಅಭ್ಯಾಸ ಬೋಧನೆಯ ಈ ಪಾಠಕ್ಕೆ ನಾನು ಹಿಡಿದರೂ ಜೀವ ಉಳಿಯದ ಒಂದು ಪ್ರಸಂಗವನ್ನು ಆರಿಸಿಕೊಂಡೆ.

ಮಾರ್ಕ್ ವೆಬ್ ನಿರ್ದೇಶನದ ‘ದಿ ಅಮೇಜಿಂಗ್ ಸ್ಪೈಡರ್-ಮ್ಯಾನ್’ (2012) ನ್ಯೂಯಾರ್ಕಿನ ಹೈಸ್ಕೂಲ್ ಹುಡುಗ ಪೀಟರ್ ಪಾರ್ಕರನ ಕಥೆಯನ್ನು ಹೊಸದಾಗಿ, ಮೊದಲಿನಿಂದ ಹೇಳಿದ ಚಿತ್ರ. ಸ್ಯಾಮ್ ರೈಮಿಯವರ 2002ರ ಚಿತ್ರದಲ್ಲಿ ಬಲೆಯ ಎಳೆ ಅವನ ಮಣಿಕಟ್ಟಿನಿಂದಲೇ ಚಿಮ್ಮುತ್ತದೆ. ಹೊಸದರಲ್ಲಿ ಎಳೆ ಚಿಮ್ಮಿಸುವ ಸಾಧನವನ್ನು ಅವನೇ ತಯಾರಿಸಿಕೊಳ್ಳುತ್ತಾನೆ. ಇದು ಮುಂದೆ ಪಾಠಕ್ಕೆ ಉಪಯೋಗಕ್ಕೆ ಬಂತು. ಈ ಚಿತ್ರದಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆಯಿಂದ ಬೀಳುವ ಕಾರುಗಳನ್ನು ಅವನು ಎಳೆಯಲ್ಲಿ ಹಿಡಿಯುತ್ತಾನೆ. ಒಂದರಲ್ಲಿ ಸಿಕ್ಕಿಕೊಂಡ ಪುಟ್ಟ ಹುಡುಗ ಬದುಕುತ್ತಾನೆ. 2014ರ ಎರಡನೇ ಭಾಗದಲ್ಲಿ ಗಡಿಯಾರ ಗೋಪುರದೊಳಗೆ ಬೀಳುವ ಗೆಳತಿ ಗ್ವೆನ್ ಸ್ಟೇಸಿಯನ್ನೂ ಎಳೆ ಹಿಡಿಯುತ್ತದೆ. ಅವಳು ಸಾಯುತ್ತಾಳೆ. ಚಿತ್ರದಲ್ಲಿ ತಲೆ ನೆಲಕ್ಕೆ ಬಡಿದಂತೆಯೂ ಕಾಣುವುದರಿಂದ, ಲೆಕ್ಕಕ್ಕೆ 1973ರ ಮೂಲ ಕಾಮಿಕ್ಸನ್ನೇ ಇಟ್ಟುಕೊಂಡೆ. ಅಲ್ಲಿ ಅವಳು ಬೀಳುವುದು ಸೇತುವೆಯಿಂದ. ಎಳೆ ತಟ್ಟನೆ ತಡೆದಾಗಿನ ಜಗ್ಗುವಿಕೆಯೇ ಸಾವಿಗೆ ಕಾರಣವೆಂದು ಪ್ರಕಾಶಕರೇ ಓದುಗರಿಗೆ ತಿಳಿಸಿದ್ದರು.

ಸಾವಿನ ದೃಶ್ಯವನ್ನು ತರಗತಿಯಲ್ಲಿ ತೋರಿಸುವುದು ಬೇಡವೆಂದು ಮಾರ್ಗದರ್ಶಕ ಶಿಕ್ಷಕರು ಸೂಚಿಸಿದರು. ನನಗೂ ಅದೇ ಸರಿ ಎನಿಸಿತು. ಕರಿಹಲಗೆಯ ಮೇಲೆ ಗೆರೆಚಿತ್ರ ಬರೆದು ಕಥೆ ಹೇಳಿದೆ. ಸಿನಿಮಾ ನೋಡದವರಿಗೂ ಅಷ್ಟು ಸಾಕಾಯಿತು.

‘ಎಳೆ ಹಿಡಿದ ಮೇಲೂ ಯಾಕೆ ಸತ್ತಳು?’ ಎಂದು ಕೇಳಿದೆ. ‘ಅಷ್ಟು ಎತ್ತರದಿಂದ ಬಿದ್ದಳಲ್ಲ ಮಿಸ್’, ‘ಗಾಬರಿಗೇ ಜೀವ ಹೋಗಿರುತ್ತೆ’, ‘ಹಿಡಿಯೋದು ತಡ ಆಯ್ತು’. ಮೂರನೆಯ ಉತ್ತರವನ್ನು ಹಲಗೆಯ ಮೇಲೆ ಬರೆದು, ಎಷ್ಟು ತಡ ಎಂದು ಲೆಕ್ಕ ಹಾಕಲು ಹೇಳಿದೆ.

ರಾಶಿ 50 ಕಿ.ಗ್ರಾಂ, ಬಿದ್ದ ಎತ್ತರ 45 ಮೀ, ಗುರುತ್ವ ವೇಗೋತ್ಕರ್ಷ 10 ಎಂದು ಇಟ್ಟುಕೊಂಡೆವು. ವೇಗ ಸೆಕೆಂಡಿಗೆ 30 ಮೀ, ಸಂವೇಗ 1500. 0.1 ಸೆಕೆಂಡಿನಲ್ಲಿ ನಿಲ್ಲಿಸಿದರೆ ನಿವ್ವಳ ಬಲ 15,000 ನ್ಯೂಟನ್, ಅಂದರೆ ಅವಳ ತೂಕದ 30 ಪಟ್ಟು. 1.5 ಸೆಕೆಂಡಿನಲ್ಲಿ ನಿಲ್ಲಿಸಿದರೆ 1000 ನ್ಯೂಟನ್ ಮಾತ್ರ. ಇಲ್ಲಿಯವರೆಗೆ ಕ್ರಿಕೆಟ್ ಕ್ಯಾಚಿನಿಂದಲೂ ಬರಬಹುದಿತ್ತು. ಆಮೇಲೆ, ಅಷ್ಟು ಹೊತ್ತಿನಲ್ಲಿ ಅವಳು ಎಷ್ಟು ಕೆಳಗೆ ಬರುತ್ತಾಳೆ ಎಂದು ಕೇಳಿದೆ. ಸರಾಸರಿ ವೇಗ 15, ಮೊದಲನೆಯದಕ್ಕೆ 1.5 ಮೀ, ಎರಡನೆಯದಕ್ಕೆ 22.5 ಮೀ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಹಾಗಾದ್ರೆ ನೆಲ ಇನ್ನೂ ಏಳು ಮಹಡಿ ಕೆಳಗೆ ಇರುವಾಗಲೇ ಹಿಡೀಬೇಕಿತ್ತು’ ಎಂದ. ಪಾಠ ಯೋಜನೆಯಲ್ಲಿ ಈ ವಾಕ್ಯ ಇರಲಿಲ್ಲ.

ಪ್ರಾತ್ಯಕ್ಷಿಕೆಗೆ ಖರ್ಚಿಲ್ಲ. ಕಲ್ಲೊಂದನ್ನು ಹೊಲಿಗೆ ದಾರಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಮೇಜಿನ ಅಂಚಿಗೆ ಬಿಗಿದು ಬೀಳಬಿಟ್ಟರೆ ದಾರ ಕಡಿಯುತ್ತದೆ. ಅದೇ ದಾರದ ಮಧ್ಯೆ ಸೈಕಲ್ ಟ್ಯೂಬಿನ ತೆಳು ಪಟ್ಟಿ ಸೇರಿಸಿದರೆ ಕಡಿಯುವುದಿಲ್ಲ. ಕೆಳಗೆ ಗೋಣಿಚೀಲ ಹಾಸಿ, ಮಕ್ಕಳನ್ನು ದೂರ ನಿಲ್ಲಿಸಿಯೇ ಮಾಡಬೇಕು.

ಇದನ್ನು ನೋಡಿದ ಮೇಲೆ ಚರ್ಚೆ ಪೀಟರನ ಕಡೆ ತಿರುಗಿತು: ಸಾಧನ ಅವನದೇ ಎಂದ ಮೇಲೆ ಹಿಗ್ಗುವ ಎಳೆಯನ್ನು ಅವನು ಯಾಕೆ ಮಾಡಿಕೊಳ್ಳಲಿಲ್ಲ? ಅದಕ್ಕೆ ಒಬ್ಬ ಹುಡುಗಿ, ‘ರಬ್ಬರಾದ್ರೆ ಅವಳು ಮತ್ತೆ ಮೇಲಕ್ಕೆ ಹಾರ್ತಾಳಲ್ಲ ಮಿಸ್, ಕಲ್ಲು ಹಾರಿತಲ್ಲ ಹಾಗೆ?’ ಎಂದಳು. ನಿಜವಾದ ಜೇಡನ ಬಲೆಯ ಸುತ್ತೆಳೆ ತನ್ನ ಉದ್ದದ ಎರಡರಷ್ಟನ್ನೂ ಮೀರಿ ಹಿಗ್ಗುತ್ತದೆ. ಆದರೂ ಅದಕ್ಕೆ ಬಡಿದ ಕೀಟ ಹೊರಕ್ಕೆ ಚಿಮ್ಮುವುದಿಲ್ಲ, ಹೊಡೆತದ ಶಕ್ತಿಯ ಹೆಚ್ಚಿನ ಪಾಲು ಎಳೆಯಲ್ಲೇ ಉಷ್ಣವಾಗಿ ಹೋಗುತ್ತದೆ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳ ಪ್ರಶ್ನೆಯನ್ನು ‘ಕೆಲಸ ಮತ್ತು ಶಕ್ತಿ’ ಘಟಕದ ಮೊದಲ ಪಾಠ ಯೋಜನೆಯಲ್ಲಿ ಪೀಠಿಕಾ ಪ್ರಶ್ನೆಯಾಗಿ ಸೇರಿಸಿದ್ದೇನೆ.